ಪಾಠ ಮುಗಿಸದಿದ್ದರೂ ಬನ್ನಿ

ಶನಿವಾರ ಸಂಜೆ ಮಂಡ್ಯದಲ್ಲಿ ನಮ್ಮ ಕೂಟ. ದೂರಶಿಕ್ಷಣದಲ್ಲಿ ಕ್ರೈಸ್ತ ದೇವಶಾಸ್ತ್ರ ಓದುವ ಏಳೆಂಟು ಜನ ಬರುತ್ತಾರೆ. ಬರಬೇಕು ಅನ್ನಿ. ಮಧ್ಯಾಹ್ನ ಮೂರಕ್ಕೆ ಮೊಬೈಲ್ ಸದ್ದು ಮಾಡಿದರೆ ನೋಡದೆಯೇ ಹೇಳಬಲ್ಲೆ: 'ಸರ್, ಪಾಠ ಮುಗಿಸೋಕಾಗಲಿಲ್ಲ. ಮುಂದಿನ ವಾರ ಎರಡೂ ಮುಗಿಸ್ಕೊಂಡು ಬರ್ತೀನಿ.'

ಮುಂದಿನ ವಾರವೂ ಬರುವುದಿಲ್ಲ. ಮೂರನೇ ವಾರ ಮೆಸೇಜೂ ಇಲ್ಲ. ಎರಡು ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, 'ನನಗೆ ದೇವರ ಕರೆ ಇರಲಿಲ್ಲ ಅನ್ಸುತ್ತೆ ಸರ್' ಎನ್ನುತ್ತಾರೆ. ಅಯ್ಯೋ ಪುಣ್ಯಾತ್ಮ, ಕರೆಗೆ ಏನೂ ಆಗಿಲ್ಲ. ನೀನು ತಪ್ಪಿಸಿದ್ದು ಶನಿವಾರಗಳನ್ನು!

ದೇವಶಾಸ್ತ್ರವನ್ನು ಹೀಗೆ ಕಲಿಸುವ ಪದ್ಧತಿ ಶುರುವಾಗಿದ್ದು 1963ರಲ್ಲಿ, ಗ್ವಾಟೆಮಾಲಾದಲ್ಲಿ. ಹೊಲಮನೆ, ಹೆಂಡತಿ ಮಕ್ಕಳನ್ನು ಬಿಟ್ಟು ಸಭೆಯ, ಅಂದರೆ ಚರ್ಚಿನ, ಹಿರಿಯರಿಗೆ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗೆ ಬರಲಾಗುತ್ತಿರಲಿಲ್ಲ. ಅದಕ್ಕೆ ಮೇಷ್ಟ್ರೇ ಅವರ ಊರ ಕಡೆ ಹೊರಟರು. ಓದು ಮನೆಯಲ್ಲಿ, ಭೇಟಿ ವಾರಕ್ಕೊಮ್ಮೆ. ನಮ್ಮ ಕ್ಷೇತ್ರದಲ್ಲಿ ಇದನ್ನು ಬೇಲಿಗೆ ಹೋಲಿಸುತ್ತಾರೆ. ಅಡ್ಡಕ್ಕೆ ಎರಡು ಬಿದಿರು: ಒಂದು ಓದು, ಇನ್ನೊಂದು ಸಭೆಯಲ್ಲಿ ಮಾಡುವ ಕೆಲಸ. ಎರಡನ್ನೂ ಹಿಡಿದು ನಿಲ್ಲಿಸುವ ಗೂಟವೇ ಕೂಟ. ನಮ್ಮವರು ಗೂಟ ಕಿತ್ತು, ಬಿದಿರು ಬಿತ್ತಲ್ಲಾ ಅಂತ ಅಳುತ್ತಾರೆ.

ಕೂಟ ಪರೀಕ್ಷೆಯಲ್ಲ. ನಾನು ಯಾರ ಪುಸ್ತಕವನ್ನೂ ತೆಗೆದು ನೋಡುವುದಿಲ್ಲ. ಅರ್ಧ ಓದಿದವರು ಅರ್ಧದಲ್ಲೇ ಬನ್ನಿ. ಪುಟವನ್ನೇ ತೆರೆಯದವರು ಖಂಡಿತ ಬನ್ನಿ, ನಿಮಗೇ ಅದು ಜಾಸ್ತಿ ಬೇಕು. ಇದನ್ನು ಎಷ್ಟು ಸಲ ಹೇಳಿದರೂ 'ಬರಿಗೈಯಲ್ಲಿ ಹೇಗೆ ಬರೋದು ಸರ್' ಎನ್ನುತ್ತಾರೆ. ನಾನೇನು ಬೀಗರ ಮನೆಯೇ?

ಒಮ್ಮೆ ನರ್ಸ್ ಒಬ್ಬರು ನೈಟ್ ಡ್ಯೂಟಿ ಮುಗಿಸಿ, ಪಕ್ಕದ ಬೀದಿಯ ಸಾವಿನ ಮನೆಗೂ ಹೋಗಿ, ನೇರ ಕೂಟಕ್ಕೆ ಬಂದಿದ್ದರು. ಪುಸ್ತಕದ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಪಾಠ ಬೈಬಲ್ಲಿನ ಯೋಬನದು, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು ಎಂದು ಓದಿದೆವು. ಆಮೇಲೆ ಅವರು ಬಾಯಿ ಬಿಟ್ಟು ವಾದಿಸುತ್ತಲೇ ಹೋಗುತ್ತಾರೆ, ಪುಸ್ತಕ 42 ಅಧ್ಯಾಯ. ಆಕೆ ಮೆಲ್ಲಗೆ, 'ಸುಮ್ನೆ ಕೂತಿದ್ದ ಏಳು ದಿನವೇ ಚೆನ್ನಾಗಿತ್ತು, ಅಲ್ವಾ ಸರ್? ನಾನು ಇವತ್ತು ಜಾಸ್ತಿ ಮಾತಾಡಿಬಿಟ್ಟೆ' ಎಂದರು. ಪಾಠ ಪೂರ್ತಿ ಮುಗಿಸಿದ್ದ ಇಬ್ಬರು ಪೆನ್ ಕೆಳಗಿಟ್ಟರು.

ಎಲ್ಲರಿಗೂ ಇದೇ ಮದ್ದು ಎನ್ನಲಾರೆ. ಮನಸ್ಸೇ ಕುಗ್ಗಿ ನಿದ್ದೆ, ಊಟ ಬಿಟ್ಟವರಿಗೆ ಬೇಕಾದ್ದು ಡಾಕ್ಟರು, ನಾನಲ್ಲ. ನಂಬಿಕೆಯ ಬಗ್ಗೆಯೇ ಪ್ರಶ್ನೆ ಎದ್ದಿದ್ದರೆ ಅದು ಬೇರೆ ಮಾತು, ನಿಧಾನವಾಗಿ ಕೂತು ಆಡಬೇಕಾದ್ದು. ಆಲೆಮನೆ ನಡೆಸುವ ನಮ್ಮ ವಿದ್ಯಾರ್ಥಿಯೊಬ್ಬರಿಗೆ ಕಬ್ಬು ಅರೆಯುವ ತಿಂಗಳುಗಳಲ್ಲಿ ನಿಜಕ್ಕೂ ಪುರುಸೊತ್ತಿಲ್ಲ. ಆಗ ಓದು ಬಿಡಿ ಅಂತ ನಾನೇ ಹೇಳಿದ್ದೇನೆ. ಅವರು ಓದು ಬಿಟ್ಟಿದ್ದಾರೆ, ಶನಿವಾರ ಬಿಟ್ಟಿಲ್ಲ. ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ ತಂದು ಮೇಜಿನ ಮೇಲಿಟ್ಟು, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಒಮ್ಮೊಮ್ಮೆ ಗೊರಕೆಯೂ ಕೇಳುತ್ತದೆ.