ತನಿ ಆವರ್ತನ ಬಂದಾಗ ಎದ್ದು ಹೋಗಬೇಡಿ

ಮುಖ್ಯ ಕೃತಿಗೆ ಕಲ್ಪನಾಸ್ವರ ಹಾಡಿ ಮುಗಿಸಿದ ಗಾಯಕರು ನನ್ನ ಕಡೆ ನೋಡಿ ತಲೆಯಾಡಿಸುತ್ತಾರೆ. ಇನ್ನು ತನಿ ಆವರ್ತನ, ಎಂದರೆ ಹಾಡು ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗ. ಸರಿಯಾಗಿ ಅದೇ ಹೊತ್ತಿಗೆ ಸಭಾಂಗಣದಲ್ಲಿ ಕುರ್ಚಿಗಳು ಸರಿಯುತ್ತವೆ. ಕೆಲವರು ಕಾಫಿಗೆ ಏಳುತ್ತಾರೆ, ಕೆಲವರು ಮೊಬೈಲ್ ಹಿಡಿದು ಬಾಗಿಲ ಕಡೆ ನಡೆಯುತ್ತಾರೆ. ಮೃದಂಗ ನುಡಿಸಲು ವೇದಿಕೆ ಹತ್ತಿ 25 ವರ್ಷವಾದರೂ ಆ ಸದ್ದು ನನ್ನನ್ನು ನೋಯಿಸುತ್ತದೆ. ಎರಡು ಗಂಟೆ ಹಾಡಿಗೆ ಒತ್ತಾಸೆಯಾಗಿ ನುಡಿಸಿದವನಿಗೆ ತನ್ನ ಮಾತನ್ನು ತಾನೇ ಆಡಲು ಸಿಗುವುದು ಆ ಹತ್ತು ಹದಿನೈದು ನಿಮಿಷ ಮಾತ್ರ.

ಎದ್ದು ಹೋಗುವವರಿಗೆ ಸಂಗೀತದ ಮೇಲೆ ಪ್ರೀತಿ ಇಲ್ಲವೆಂದು ನಾನು ಹೇಳುವುದಿಲ್ಲ. ಸಾಹಿತ್ಯವಿಲ್ಲ, ರಾಗವಿಲ್ಲ, ಯಾವುದನ್ನು ಹಿಡಿದು ಕೇಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಹಿಡಿಯಬೇಕಾದದ್ದು ತಾಳವನ್ನು. ಆದಿತಾಳವಾದರೆ ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ (ಅಂಗೈ ಮೇಲಾಗಿ ತಿರುಗಿಸುವುದು ಹುಸಿ). ಒಟ್ಟು 8. ಗಾಯಕರ ಕೈಯನ್ನೇ ನೋಡುತ್ತ ತೊಡೆಯ ಮೇಲೆ ಸದ್ದಿಲ್ಲದೆ ಹಾಕುತ್ತಿರಿ. ಚತುರಶ್ರ ನಡೆಯಲ್ಲಿ ಒಂದೊಂದು ಎಣಿಕೆಗೆ 4 ಮಾತ್ರೆ, ಎಂದರೆ ನಾಲ್ಕು ಸಮಭಾಗ. ಕೊನೆಯ 4 ಎಣಿಕೆಗೆ 16. ‘ತದಿಗಿಣತೊಂ’ ಎಂಬ 5 ಮಾತ್ರೆಯ ಸೊಲ್ಲನ್ನು (ಮೃದಂಗದ ನುಡಿಯನ್ನು) ಮೂರು ಸಲ ನುಡಿಸಿದರೆ 15. ಒಂದು ಮಾತ್ರೆ ಬಿಟ್ಟು ಎತ್ತಿಕೊಂಡರೆ ಮೂರನೆಯ ಸೊಲ್ಲು ಮುಗಿದ ಕೂಡಲೇ ಸಮ, ತಾಳದ ಮೊದಲ ಪೆಟ್ಟು! ಹೀಗೆ ಮೂರು ಸಲ ನುಡಿಸಿ ಮುಗಿಸುವುದೇ ಮುಕ್ತಾಯ. ಎಷ್ಟೇ ದೊಡ್ಡ ಮುಕ್ತಾಯವಾದರೂ ಅದರ ಬೀಜ ಈ ಪುಟ್ಟ ಲೆಕ್ಕದಲ್ಲಿದೆ. ಇದನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮತ್ತೆ ತನಿಯ ನಡುವೆ ಎದ್ದು ಹೋದದ್ದನ್ನು ನಾನು ನೋಡಿಲ್ಲ.

ಮಳೆಯ ಒಂದು ಸಂಜೆ ಮೈಸೂರಿನ ಒಂದು ರಾಮಮಂದಿರದಲ್ಲಿ ಇಪ್ಪತ್ತು ಜನವೂ ಇರಲಿಲ್ಲ. ಎರಡನೆಯ ಸಾಲಿನಲ್ಲಿ ಒಬ್ಬರು ಅಜ್ಜಿ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ನಾನು ಎಣಿಕೆಗೆ 5 ಮಾತ್ರೆಯ ಖಂಡ ನಡೆಗೆ ತಿರುಗಿದೆ. ಅವರ ಕೈ ಅಲುಗಲಿಲ್ಲ. ಮನೆಯಲ್ಲಿ ಕಟ್ಟಿಕೊಂಡು ಬಂದಿದ್ದ ಮುಕ್ತಾಯವನ್ನು ಬಿಟ್ಟು ಅಲ್ಲೇ ಹೊಸದೊಂದನ್ನು ಕಟ್ಟುವ ಧೈರ್ಯ ನನಗೆ ಬಂದದ್ದು ಆ ಕೈಯಿಂದ. ಕೇಳುಗರಿಂದ ಕಛೇರಿ ಬೆಳೆಯುತ್ತದೆ ಎಂದು ನಾವು ಹೇಳುವುದು ಉಪಚಾರಕ್ಕಲ್ಲ.

ವೀಡಿಯೊ ಮಾಡುವುದಿದ್ದರೆ ಮೊದಲು ಕಲಾವಿದರನ್ನು ಕೇಳಿ. ನಾವು ತಂಬೂರಿ ಕೇಳಿಕೊಂಡು ಕಲ್ಲು–ಕಟ್ಟಿಗೆ ಹಿಡಿದು ಮೃದಂಗದ ಚರ್ಮದ ಮುಚ್ಚಿಗೆಯ ಶ್ರುತಿ ಸರಿಮಾಡುವಾಗ ಒಂದು ನಿಮಿಷ ಮಾತು ನಿಲ್ಲಿಸಿ.

ಇನ್ನು ಹಣದ ವಿಷಯ. ಇದನ್ನು ಹೇಳಲು ನಮ್ಮಲ್ಲಿ ಸಂಕೋಚ ಪಡುತ್ತಾರೆ, ನಾನು ಪಡುವುದಿಲ್ಲ. 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜ, 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುತ್ತಿರುವ ಶ್ರೀರಾಮಸೇವಾ ಮಂಡಳಿ, ಇಂಥವುಗಳಿಗೆ ಹೆಸರಿದೆ. ನನ್ನ ಚಿಂತೆ ಬಡಾವಣೆಯ ಸಣ್ಣ ಸಭಾಗಳದ್ದು. ಅಲ್ಲಿ ‘ಪ್ರವೇಶ ಉಚಿತ’ ಎಂದು ಬರೆದಿರುತ್ತದೆ, ಆದರೆ ಯಾವುದೂ ಉಚಿತವಾಗಿ ಬಂದಿರುವುದಿಲ್ಲ. ಸಭಾಂಗಣದ ಬಾಡಿಗೆ, ಮೈಕು, ಕಲಾವಿದರ ಪ್ರಯಾಣ, ಊಟ ಎಲ್ಲವನ್ನೂ ಕಾರ್ಯದರ್ಶಿ ಯಾರನ್ನೋ ಕೇಳಿ ಹೊಂದಿಸಿರುತ್ತಾರೆ. ಹಣ ಸಾಲದೆ ಹೋದಾಗ ಕಡಿತ ಮೊದಲು ಬೀಳುವುದು ಪಕ್ಕವಾದ್ಯದವರ ಸಂಭಾವನೆಗೆ. ಘಟವೋ ಖಂಜಿರವೋ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ.

ಕಛೇರಿಯ ದಿನ ಡಬ್ಬಿಗೆ ಹಾಕುವ ನೋಟು ಒಳ್ಳೆಯದೇ. ಅದಕ್ಕಿಂತ ವರ್ಷದ ಆರಂಭದಲ್ಲೇ ಸದಸ್ಯತ್ವದ ಹಣ ಕಟ್ಟುವುದು ಹೆಚ್ಚು ಉಪಕಾರಿ. ಎಷ್ಟು ಹಣವಿದೆ ಎಂದು ಮೊದಲೇ ತಿಳಿದರೆ ಕಾರ್ಯದರ್ಶಿಗೆ ಕಲಾವಿದರ ಮುಂದೆ ಚೌಕಾಶಿಗೆ ಇಳಿಯಬೇಕಾಗುವುದಿಲ್ಲ. ಸಾಧ್ಯವಾದರೆ ನಾಲ್ಕಾರು ಮನೆಯವರು ಸೇರಿ ಒಂದು ಕಛೇರಿಯ ಉಪಪಕ್ಕವಾದ್ಯದ (ಘಟ, ಖಂಜಿರದಂಥದ್ದರ) ಖರ್ಚು ವಹಿಸಿಕೊಳ್ಳಿ, ಅದು ಅದಕ್ಕೇ ಎಂದು ಸ್ಪಷ್ಟವಾಗಿ ಹೇಳಿ ಕೊಡಿ. ಆಗ ತನಿಯಲ್ಲಿ ನನ್ನ ಸೊಲ್ಲಿಗೆ ಘಟ ಮರುನುಡಿಯುತ್ತದೆ. ಎರಡು ಆವರ್ತ (ತಾಳದ ಸುತ್ತು) ಒಂದಾಗಿ, ಒಂದು ಅರ್ಧವಾಗಿ ಕುಗ್ಗುತ್ತ ಕುಗ್ಗುತ್ತ ಇಬ್ಬರೂ ಜೊತೆಗೂಡಿ ಕೊನೆಯ ಮುಕ್ತಾಯಕ್ಕೆ ಮುಂಚಿನ ನುಡಿಕಟ್ಟಾದ ಮೊಹರಾಕ್ಕೆ ಬರುತ್ತೇವೆ.