ಅಜ್ಜ ಕಂಡದ್ದು ತುಂಬಾದ ರಾಕೆಟ್ಟನ್ನೇ?

ಪ್ರಶ್ನೆ: 1963ರ ಹೊತ್ತಿಗೆ ಒಂದು ಮುಸ್ಸಂಜೆ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಕಂಡಿದ್ದೆ, ಅದು ತಿರುವನಂತಪುರದ ಹತ್ತಿರ ರಾಕೆಟ್ ಹಾರಿಸುವ ತುಂಬಾ ಎಂಬ ಊರಿನ ರಾಕೆಟ್ಟಿನದು ಅಂತ ನಮ್ಮಜ್ಜ ಹೇಳುತ್ತಾರೆ. ಕಾಸರಗೋಡಿನ ನಮ್ಮ ಬದಿಯಡ್ಕಕ್ಕೆ ಅದು ಕಂಡೀತೇ? ಊರಿನ ನೆನಪುಗಳನ್ನು ಬರೆದಿಡುತ್ತಿದ್ದೇನೆ, ಇದನ್ನೂ ಸೇರಿಸಲೇ?

ಉತ್ತರ: ಕಂಡೀತು. ಆದರೆ ರಾಕೆಟ್ಟಲ್ಲ, ಅದು ಬಿಟ್ಟ ಸೋಡಿಯಂ ಆವಿ.

1963ರ ನವೆಂಬರ್ 21, ಗುರುವಾರ ಸಂಜೆ 6.25ಕ್ಕೆ ತುಂಬಾದಿಂದ ನೈಕಿ-ಅಪಾಚಿ ಎಂಬ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ್ದು, ಸೋಡಿಯಂ ಉಪಕರಣ ಫ್ರಾನ್ಸಿನದು, ನೆಲ ನಮ್ಮದು. ನಮ್ಮಲ್ಲೇ ತಯಾರಾದ ರೋಹಿಣಿ-75 ರಾಕೆಟ್ ಹಾರಿದ್ದು 1967ರಲ್ಲಿ. ಹಾಗಾಗಿ ‘ನಮ್ಮ ರಾಕೆಟ್’ ಅಂತ ಬರೆದುಬಿಡಬೇಡಿ. ಆವಿಯ ಮೋಡ ಎತ್ತ ಸರಿಯುತ್ತದೆಂದು ನೋಡಿ ಮೇಲಿನ ಗಾಳಿಯನ್ನು ಅಳೆಯುವುದು ಉದ್ದೇಶ. ಮುಸ್ಸಂಜೆಯೇ ಬೇಕು, ಯಾಕೆಂದರೆ ಕೆಳಗೆ ಕತ್ತಲಾಗುತ್ತ ಬಂದರೂ 150 ಕಿ.ಮೀ. ಮೇಲೆ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿಗೆ ಸೋಡಿಯಂ ಹಳೇ ಹಳದಿ ಬೀದಿದೀಪದ ಹಾಗೆ ಹೊಳೆಯುತ್ತದೆ.

ಬದಿಯಡ್ಕಕ್ಕೂ ತುಂಬಾಕ್ಕೂ ನೇರ ದೂರ ಸುಮಾರು 490 ಕಿ.ಮೀ. ಅಷ್ಟು ದೂರದಿಂದ, ಭೂಮಿಯ ಬಾಗು ಕಳೆದರೂ, 150 ಕಿ.ಮೀ. ಎತ್ತರದ ಮೋಡ ದಿಗಂತದಿಂದ 15 ಡಿಗ್ರಿ ಮೇಲೆ ಬರುತ್ತದೆ. ಕೈ ನೀಡಿ ಹಿಡಿದ ಒಂದೂವರೆ ಮುಷ್ಟಿಯಷ್ಟು. ದಿಕ್ಕು ತೆಂಕು, ತುಸು ಮೂಡಕ್ಕೆ. ಎದುರಿಗೆ ಗುಡ್ಡೆಯೋ ತೆಂಗಿನ ತೋಟವೋ ಇದ್ದರೆ, ಅಥವಾ ತುಲಾಮಳೆಯ ಮೋಡ ಕವಿದಿದ್ದರೆ, ಮುಗಿಯಿತು.

ಆದ್ದರಿಂದ ಈ ಲೆಕ್ಕವನ್ನು ಅಜ್ಜನಿಗೆ ಮೊದಲೇ ಹೇಳಬೇಡಿ. ಅಂಗಳಕ್ಕೆ ಕರೆದುಕೊಂಡು ಹೋಗಿ, ‘ಎಲ್ಲಿ ಕಂಡಿರಿ?’ ಅಂತಷ್ಟೇ ಕೇಳಿ. ಪಡುವಣಕ್ಕೆ ಕೋಲು ತೋರಿಸಿದರೆ ಅದು ಸೂರ್ಯ ಮುಳುಗಿದ ಬಣ್ಣವಿರಬಹುದು. ‘ಬೆಳಗಿನ ಜಾವ, ಮೂಡಲ್ಲಿ, ಉದ್ದ ಬಾಲ’ ಅಂದರೆ 1965ರ ಇಕೆಯಾ-ಸೆಕಿ ಧೂಮಕೇತು ಇರಬಹುದು. ತೆಂಕು ತೋರಿಸಿದರೂ ಆ ಗುರುವಾರವೇ ಅನ್ನಲಾಗದು, ಆವಿಯ ಪ್ರಯೋಗಗಳು ಮುಂದೆಯೂ ನಡೆದವು. ಆಗ ‘ಕೆನಡಿ ಸತ್ತ ಸುದ್ದಿ ಬಂದದ್ದು ಅದಕ್ಕಿಂತ ಮೊದಲೋ ಆಮೇಲೋ?’ ಅಂತ ಕೇಳಿ. ಕೆನಡಿಗೆ ಗುಂಡು ಬಿದ್ದದ್ದು ಮರುದಿನ, ನಮ್ಮಲ್ಲಿ ಆಗ ನಡುರಾತ್ರಿ.

ಹಳೇ ಪತ್ರಿಕೆ ಹುಡುಕುವುದಾದರೆ ನವೆಂಬರ್ 22ರದನ್ನೇ ಮೊದಲು ನೋಡಿ. ಆಮೇಲಿನ ಪುಟಗಳನ್ನು ಕೆನಡಿಯೂ, ಪೂಂಛ್‌ನಲ್ಲಿ ಸೇನಾಧಿಕಾರಿಗಳಿದ್ದ ಹೆಲಿಕಾಪ್ಟರ್ ಬಿದ್ದ ಸುದ್ದಿಯೂ ತುಂಬಿರುವುದು ಸಹಜ. ಉದಯವಾಣಿ ಇದಕ್ಕೆ ಆಗದು, ಅದು ಶುರುವಾದದ್ದೇ 1970ರಲ್ಲಿ. ಮಂಗಳೂರಿನ ನವಭಾರತ ಆಗ ಇತ್ತು. ಇನ್ನು, ಬರಹದ ಜೊತೆ, ಎತ್ತಿನಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಆ ಹೆಸರಾದ ಚಿತ್ರ ಹಾಕುವ ಆಸೆ ಬಂದೀತು. ಅದು 1981ರ ಆಪಲ್ ಉಪಗ್ರಹದ್ದು, ತುಂಬಾಕ್ಕೆ ಸಂಬಂಧವಿಲ್ಲ.

ಅಜ್ಜನ ಮಾತನ್ನು ಅವರು ಹೇಳಿದಂತೆಯೇ ಬರೆಯಿರಿ, ನಿಮ್ಮ ಲೆಕ್ಕವನ್ನು ಬೇರೆಯಾಗಿ ಕೆಳಗೆ. ಕೋಲು ತೋರಿಸಿದ ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಲ್ಲಿ ಅಳೆಯಿರಿ. ಮನೆ ಹೊಸತು ಕಟ್ಟಿದ್ದಾದರೆ, ಹಳೇ ಅಂಗಳ ಯಾವ ಕಡೆಗಿತ್ತು, ಹಟ್ಟಿ ಎಲ್ಲಿತ್ತು ಅಂತಲೂ ಕೇಳಿಕೊಳ್ಳಿ.