ಮಕ್ಕಳ ಹೆಸರಿಲ್ಲದ ಜನಗಣತಿ: ಐರಿಷ್ ಮನೆತನದ ಕೊಂಡಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಅಮೆರಿಕನ್ ಸೊಸೆಯ ತವರಿನ ಮೂಲಪುರುಷ 1740ರ ಸುಮಾರಿಗೆ ಐರ್ಲೆಂಡಿನ ಅಲ್ಸ್ಟರ್‌ನಿಂದ ವರ್ಜೀನಿಯಾಕ್ಕೆ ಬಂದವನಂತೆ. 1850ರಿಂದ ಈಚಿನವರು ಸಿಕ್ಕಿದ್ದಾರೆ. ನಡುವಿನ ತಲೆಮಾರುಗಳನ್ನು ಎಲ್ಲಿ ಹುಡುಕಬೇಕು?

ಉತ್ತರ: ಜನಗಣತಿ ಬದಿಗಿಟ್ಟು ಜಮೀನಿನ ಬೆನ್ನು ಹಿಡಿಯಿರಿ. 1790ರಿಂದ 1840ರವರೆಗಿನ ಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ ಇದೆ, ಉಳಿದವರದು ಬರೀ ತಲೆಲೆಕ್ಕ. ಹಡಗಿನ ಪ್ರಯಾಣಿಕರ ಪಟ್ಟಿ ಕಡ್ಡಾಯವಾದದ್ದೂ 1820ರಿಂದಲೇ.

ಮೊದಲು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗಡಿ ನೋಡಿಕೊಳ್ಳಿ. ವರ್ಜೀನಿಯಾದ ಷೆನಾಂಡೋವಾ ಕಣಿವೆಯ ಒಂದೇ ಜಮೀನಿನ ಕಾಗದ 1745ಕ್ಕೆ ಮುಂಚೆ ಆರೆಂಜ್ ಕೌಂಟಿಯಲ್ಲಿ, ಆಮೇಲೆ ಆಗಸ್ಟಾದಲ್ಲಿ, 1778ರ ನಂತರ ರಾಕ್‌ಬ್ರಿಜ್‌ನಲ್ಲಿ ಇರಬಹುದು. ಮನೆಯವರು ಕದಲಿರುವುದಿಲ್ಲ, ಕೌಂಟಿ ಒಡೆದು ಕಚೇರಿ ಬದಲಾಗಿರುತ್ತದೆ. ಎಷ್ಟೋ ಜನ ‘ಊರು ಬಿಟ್ಟಿದ್ದಾರೆ’ ಎಂದುಕೊಂಡು ಇಲ್ಲೇ ಕೈಬಿಡುತ್ತಾರೆ.

ಆಮೇಲೆ ಕ್ರಯಪತ್ರಗಳು. ಕೊಂಡ ಪತ್ರವಿಲ್ಲದ ಜಮೀನನ್ನು ಒಬ್ಬ ಮಾರಿದ್ದಾನೆಂದರೆ ಅದು ಪಿತ್ರಾರ್ಜಿತವಾಗಿರುವ ಸಾಧ್ಯತೆ ಹೆಚ್ಚು. 1787ಕ್ಕೆ ಮುಂಚೆ ವರ್ಜೀನಿಯಾದಲ್ಲಿ ಉಯಿಲು ಬರೆಯದೆ ಸತ್ತವನ ಜಮೀನು ಹಿರಿಯ ಮಗನಿಗೆ ಹೋಗುತ್ತಿತ್ತು. ಆ ವರ್ಷದಿಂದ ಮಕ್ಕಳಿಗೆಲ್ಲ ಸಮಪಾಲು. ವಂಶ ಹುಡುಕುವವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಪಾಲು ಮಾರುವ ಪತ್ರದಲ್ಲಿ ಭಿನ್ನರಾಶಿ ಬರೆದಿರುತ್ತಾರೆ. ‘ಏಳನೇ ಒಂದು ಪಾಲು’ ಎಂದಿದ್ದರೆ ಏಳು ವಾರಸುದಾರರು. ಅದೇ ಆಸ್ತಿಯಲ್ಲಿ ‘ಇಪ್ಪತ್ತೊಂದನೇ ಒಂದು’ ಕಂಡರೆ ಏಳರಲ್ಲಿ ಒಬ್ಬರು ತೀರಿಕೊಂಡು, ಅವರ ಮೂವರು ಮಕ್ಕಳು ಆ ಪಾಲು ಹಂಚಿಕೊಂಡಿರಬೇಕು. ಮದುವೆಯಾದ ಹೆಣ್ಣುಮಕ್ಕಳು ಗಂಡನ ಹೆಸರಿನೊಂದಿಗೆ ಸಿಗುವುದೂ ಇಂಥ ಪತ್ರಗಳಲ್ಲೇ. ಅವರನ್ನು ಬಿಟ್ಟರೆ ಅರ್ಧ ವಂಶವೇ ಹೋಯಿತು. ಸಾಕ್ಷಿಗಳ ಹೆಸರನ್ನೂ ಚೆಕ್ಕುಬಂದಿಯಲ್ಲಿರುವ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ. ಅಳಿಯ ಎಷ್ಟೋ ಸಲ ಪಕ್ಕದ ಜಮೀನಿನವನೇ.

‘ಸೀನಿಯರ್’, ‘ಜೂನಿಯರ್’ ಎಂದಿದ್ದ ಮಾತ್ರಕ್ಕೆ ಅಪ್ಪ–ಮಗ ಎಂದು ತೀರ್ಮಾನಿಸಬೇಡಿ. ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸು ನೋಡಿ ಹಾಗೆ ಬರೆಯುತ್ತಿದ್ದರು. ಅವರು ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ನೆಂಟರೇ ಅಲ್ಲದಿರಬಹುದು. ಹಿರಿಯ ಸತ್ತ ಮೇಲೆ ‘ಜೂನಿಯರ್’ ಆಗಿದ್ದವನೇ ‘ಸೀನಿಯರ್’ ಆಗುವುದೂ ಉಂಟು. 1782ರಿಂದ ಸಿಗುವ ತೆರಿಗೆ ಪಟ್ಟಿಗಳನ್ನು ಒಂದು ವರ್ಷವೂ ಬಿಡದೆ ಓದಿ, ಆಗ ಇಬ್ಬರನ್ನು ಬೇರ್ಪಡಿಸಬಹುದು.

ಮಗನೊಬ್ಬ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದರೆ ಅವನ ವಿಧವೆಯ ಪಿಂಚಣಿ ಅರ್ಜಿ ತರಿಸಿ. ಮದುವೆ ಸಾಬೀತುಪಡಿಸಲು ಮನೆಯ ಬೈಬಲಿನಿಂದ ಹರಿದು ಕೊಟ್ಟ ಹಾಳೆ, ಮಕ್ಕಳು ಹುಟ್ಟಿದ ತಾರೀಖುಗಳ ಸಮೇತ, ಕೆಲವು ಕಡತಗಳಲ್ಲಿ ಇನ್ನೂ ಇದೆ.